ತಟ್ಟೆ ತೊಳೆದ ನೀರು

"ಅಜ್ಜಿಗೆ ರೇಷ್ಮೆ ಸೀರೆ ಬೇಡ ಅಂತ ಹೇಳು" ಎಂದಿದ್ದರು ಸುಪ್ರಜಾ ಮಿಸ್, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ. "ಮನೇಲಿ ದಿನಾ ಉಡ್ತಾರಲ್ಲ, ಹಳೇ ಹತ್ತಿ ಸೀರೆ, ಅಂಥದ್ದು ಸಾಕು. ನ್ಯಾಚುರಲ್ಲಾಗಿರ್ಲಿ." ಬಸವನಗುಡಿಯ ಕಾಲೇಜಿನಿಂದ ಚಾಮರಾಜಪೇಟೆಯ ಮನೆಯವರೆಗೂ ಶಿವರಂಜಿನಿಯ ತಲೆಯಲ್ಲಿ ಆ ನ್ಯಾಚುರಲ್ ಎಂಬ ಮಾತು ಕುಟ್ಟುತ್ತಲೇ ಇತ್ತು. ಅಜ್ಜಿ ದಿನಾ ಏನು ಉಡುತ್ತಾಳೆಂದು ಇವರಿಗೆ ಹೇಗೆ ಗೊತ್ತು? ಇವರು ಅಜ್ಜಿಯನ್ನು ನೋಡಿದ್ದು ಒಂದೇ ಒಂದು ಸಲ, ಅದೂ ಲ್ಯಾಪ್‌ಟಾಪಿನ ಚೌಕವೊಂದರ ಮೂಲೆಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಅಜ್ಜಿ ಹಸಿದವಳಾದಳು, ಬಡವಳಾದಳು, ರೇಷ್ಮೆ ಉಡಬಾರದವಳಾದಳು. ಯಾಕೆ ಮಿಸ್ ಎಂದಾದರೂ ಕೇಳಬಹುದಿತ್ತು. ಅವಳು ಹೇಳಿದ್ದು "ಓಕೆ ಮಿಸ್" ಎಂದು. ಓಕೆ ಮಿಸ್! ರಸ್ತೆ ಬದಿಯಲ್ಲಿ ಕಡಲೆಕಾಯಿ ಹುರಿಯುವವನ ಬಾಣಲೆಯ ಸದ್ದು ಕೂಡ ತನ್ನನ್ನೇ ಆಡಿಕೊಳ್ಳುತ್ತಿದೆ ಅನ್ನಿಸಿ ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಬೇಗ ಬೇಗ ನಡೆದಳು. ಮೂರು ಗಂಟೆಗೆ ಮೀಟಿಂಗು. ಅಜ್ಜಿ ಕ್ಯಾಮೆರಾ ಮುಂದೆ ಕೂತು ತನ್ನ ಹಸಿವಿನ ಕಥೆ ಹೇಳಬೇಕು, ಅದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಬೇಕು. ಅಜ್ಜಿಗೆ ಅಂಥ ಕಥೆಯೇ ಇಲ್ಲ ಎಂಬುದು ಅವರ ಮನೆಯ ಗೋಡೆಗಳಿಗೂ ಗೊತ್ತು.

ಈ ಶನಿವಾರದ ಸಂವಾದ ಎಂದರೆ ಮೊದಮೊದಲು ಅವಳಿಗೆ ಹಬ್ಬವಾಗಿತ್ತು. ಡೆನ್ಮಾರ್ಕಿನ ಒಂದು ಶಾಲೆ, ಕೀನ್ಯಾದ ಒಂದು ಶಾಲೆ, ಇವರ ಪಿಯು ಕಾಲೇಜು. ಎಲ್ಲರೂ ಅವರವರ ಮನೆಯಲ್ಲಿ ಕೂತು ಪರದೆಯ ಮೇಲೆ ಸೇರಿ ಜಗತ್ತಿನ ಕಷ್ಟಗಳ ಬಗ್ಗೆ ಮಾತಾಡುವುದು. ಹವಾಮಾನ, ಯುದ್ಧ, ಹುಡುಗಿಯರ ಓದು, ಪ್ಲಾಸ್ಟಿಕ್ಕು. ಡೆನ್ಮಾರ್ಕಿನ ಆಂಡರ್ಸ್ ಎಂಬ ಹುಡುಗ ಕಿಟಕಿಯಾಚೆಯ ಮಂಜನ್ನು ತೋರಿಸುತ್ತಿದ್ದ. ಕೀನ್ಯಾದ ವಂಜಿರು ಯಾರ ಮಾತನ್ನೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ, ತುಟಿಯ ತುದಿಯಲ್ಲಿ ನಗುತ್ತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಇದನ್ನೆಲ್ಲ ನಡೆಸಿಕೊಡುತ್ತಿದ್ದವರು ಡೆನ್ಮಾರ್ಕಿನ ಕಿರ್ಸ್ಟನ್ ಎಂಬ ಟೀಚರು, ಬೆಳ್ಳಿಕೂದಲಿನ, ತುಂಬ ಒಳ್ಳೆಯ ಹೆಂಗಸು. ಒಳ್ಳೆಯವರೇ, ಅದೇ ತಾಪತ್ರಯ. ಕಳೆದ ಶನಿವಾರದ ವಿಷಯ ಎಸೆಯುವ ಅನ್ನ. ಶಿವರಂಜಿನಿ ಊಟವನ್ನು ಅರ್ಧಂಬರ್ಧ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತು, ಹೋಟೆಲುಗಳು ರಾತ್ರಿ ಸುರಿಯುವ ಅನ್ನದ ಬಗ್ಗೆ ತಾನು ಬರೆದುಕೊಂಡಿದ್ದನ್ನು ಓದುತ್ತಿದ್ದಳು. ಆಂಡರ್ಸನ ಕಣ್ಣು ಅವಳ ಭುಜ ದಾಟಿ ಹಿಂದೆ ಹೋಯಿತು. ಕ್ಷಮಿಸು, ನಿನ್ನ ಹಿಂದೆ ಇರುವವರು ಏನು ಮಾಡುತ್ತಿದ್ದಾರೆ, ತಟ್ಟೆ ತೊಳೆದ ನೀರು ಕುಡಿದರೇ ಎಂದು ಕೇಳಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿಸಿ ಎರಡು ಮಾತು ಹೇಳಬಹುದಿತ್ತು. ಪರದೆಯ ಚೌಕಗಳಲ್ಲಿದ್ದ ಮುಖಗಳೆಲ್ಲ ಸ್ವಲ್ಪ ಮುಂದೆ ಬಾಗಿದವು. ಹಿಂದೆ, ಊಟದ ಜಾಗದಲ್ಲಿ, ಅಜ್ಜಿ ಗುರುಬಸಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಬಗ್ಗಿಸಿಕೊಂಡಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಸುಪ್ರಜಾ ಮಿಸ್ಸಿನ ಚೌಕ ಹೊಳೆಯಿತು. ನಮ್ಮ ಹಿರಿಯರು ನಿಜವಾದ ಹಸಿವನ್ನು ಕಂಡವರು, ಒಂದು ಅಗುಳಿಗೂ ಪರದಾಡಿದವರು, ಆ ನೆನಪು ಇವತ್ತಿಗೂ ಅವರ ಮೈಯಲ್ಲಿದೆ ಎಂದರು ಮಿಸ್, ಬಹಳ ಚೆಂದದ ಇಂಗ್ಲಿಷಿನಲ್ಲಿ. ಕಿರ್ಸ್ಟನ್ ಎದೆಯ ಮೇಲೆ ಕೈ ಇಟ್ಟುಕೊಂಡರು. ಪರದೆಯ ಕೆಳಗಿನಿಂದ ಕೆಂಪು ಹೃದಯದ ಚಿತ್ರಗಳು ಒಂದರ ಹಿಂದೊಂದು ಮೇಲಕ್ಕೆ ತೇಲಿದವು. ಹೌದೇ ಎಂದು ಆಂಡರ್ಸ್ ಅವಳನ್ನೇ ಕೇಳಿದ, ಅವಳು ತಲೆ ಆಡಿಸಿದಳು. ಅಷ್ಟೇ. ಒಂದು ಸಲ ತಲೆ ಆಡಿಸಿದ್ದು. ಆಮೇಲೆ ಆ ರೆಕಾರ್ಡಿಂಗನ್ನು ಎಷ್ಟು ಸಲ ಹಾಕಿ ನೋಡಿದರೂ ತಾನು ತಲೆ ಆಡಿಸುವ ಜಾಗ ಬಂದಾಗ ಅವಳ ಬೆರಳು ತಾನೇ ತಾನಾಗಿ ಮುಂದಕ್ಕೆ ಓಡಿಸುತ್ತಿತ್ತು. ಸೋಮವಾರ ಕಿರ್ಸ್ಟನ್ ಕಡೆಯಿಂದ ಸುದ್ದಿ ಬಂತು, ಬೇಸಿಗೆಗೆ ಡೆನ್ಮಾರ್ಕಿನಲ್ಲಿ ನಡೆಯುವ ಸಮಾವೇಶಕ್ಕೆ ಬೆಂಗಳೂರಿನ ತಂಡದ ಹಸಿವಿನ ನೆನಪನ್ನು ಆರಿಸುವ ಮನಸ್ಸಿದೆ, ಮುಂದಿನ ವಾರ ಆ ಅಜ್ಜಿಯ ಬಾಯಿಂದಲೇ ಕೇಳೋಣ ಎಂದು. ಸುಪ್ರಜಾ ಮಿಸ್ ಕಾರಿಡಾರಿನಲ್ಲೇ ಅವಳ ಕೆನ್ನೆ ತಟ್ಟಿದರು. ಪ್ರಿನ್ಸಿಪಾಲರು ಚೇಂಬರಿಗೆ ಕರೆದು ಕೈ ಕುಲುಕಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ಇವರ ಜಾತ್ರೆಗೆ ಅವಳ ಅಜ್ಜಿ! ಆದರೆ ವಿಮಾನದ ಕಿಟಕಿಯಿಂದ ಮೋಡವನ್ನು ಮೇಲಿನಿಂದ ನೋಡುವುದು ಹೇಗಿರಬಹುದು ಎಂದು ಅವಳೂ ಆ ರಾತ್ರಿ ಯೋಚಿಸಿದ್ದಳು, ಅದೂ ಸುಳ್ಳಲ್ಲ.

ರಾಮಕೃಷ್ಣಾಶ್ರಮದ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಅವಳಿಗೆ ನೆನಪಾದದ್ದು ಮಿಸ್ಸಿನ ಮಾತಲ್ಲ, ಮಾತಿಗೆ ಮುಂಚೆ ಅವರ ಮೇಲ್ದುಟಿ ಒಂಚೂರು ಮೇಲಕ್ಕೆ ಹೋಗಿದ್ದು. ರೆಕಾರ್ಡಿಂಗಿನಲ್ಲಿ ಅದೂ ಇದೆ. ಆ ತುಟಿಯನ್ನು ಅವಳು ಮುಂಚೆಯೇ ಬಲ್ಲಳು. ಏಳನೇ ಕ್ಲಾಸಿನಲ್ಲಿ ಗಾಂಧಿ ಬಜಾರಿನ ಹಿಂದಿನ ಪ್ರಿಯಂವದಾಳ ಮನೆಗೆ ಹುಟ್ಟುಹಬ್ಬಕ್ಕೆ ಹೋಗಿದ್ದಾಗ, ಸಾಲಾಗಿ ಕೂತು ಉಂಡಾದ ಮೇಲೆ, ಎಲ್ಲ ಹುಡುಗಿಯರೂ ಪಿಸುಗುಟ್ಟಿಕೊಳ್ಳುತ್ತಿದ್ದಾಗ, ಇವಳು ಮನೆಯಲ್ಲಿ ಮಾಡುವ ಹಾಗೇ ತಟ್ಟೆಗೆ ಲೋಟದಿಂದ ನೀರು ಹಾಕಿ, ಬೆರಳಿನಿಂದ ಸುತ್ತ ಸವರಿ, ಎತ್ತಿ ಕುಡಿದುಬಿಟ್ಟಿದ್ದಳು. ಅವಳ ಮಟ್ಟಿಗೆ ಊಟ ಮುಗಿಯುವುದೇ ಹಾಗೆ. ಕುಡಿಯದೆ ಏಳುವುದೆಂದರೆ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದ ಹಾಗೆ. ತಟ್ಟೆ ಕೆಳಗಿಟ್ಟು ನೋಡಿದರೆ ಇಡೀ ಸಾಲು ಸುಮ್ಮನಾಗಿತ್ತು. ಬಡಿಸುತ್ತಿದ್ದ ಪ್ರಿಯಂವದಾಳ ಅಮ್ಮನ ತುಟಿ ಹಾಗೇ ಮೇಲಕ್ಕೆ ಹೋಗಿತ್ತು. ಪ್ರಿಯಂವದಾಳ ಅಜ್ಜಿ ತುಳಸಮ್ಮ ಮಾತ್ರ ಹತ್ತಿರ ಬಂದು ತಲೆ ಸವರಿ, ದನಿಯಲ್ಲಿ ಜೇನು ತುಂಬಿಕೊಂಡು, "ಇನ್ನೂ ಹಸಿವಿತ್ತಾ ಮಗು? ಕೇಳೋದಲ್ವಾ, ಇನ್ನೊಂದು ಚೂರು ಅನ್ನ ಹಾಕ್ತಿದ್ದೆ" ಎಂದಿದ್ದರು. ಹುಡುಗಿಯರು ನಕ್ಕರು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಎಲ್ಲರ ತಟ್ಟೆಗಳು ಒಂದು ಕಡೆ, ಅವಳದೊಂದು ನಲ್ಲಿಯ ಆಚೆ ಬೇರೆಯಾಗಿ ಇತ್ತು. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅಪ್ಪನಿಗೆ ಹೇಳಿ ಅಳಬಹುದಿತ್ತು. ಅಂದಿನಿಂದ ಅವಳು ತಟ್ಟೆಗೆ ನೀರು ಹಾಕುವುದನ್ನು ಬಿಟ್ಟಳು. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಈಗ ಸಿಗ್ನಲ್ಲಿನಲ್ಲಿ, ಆಟೋಗಳ ಹೊಗೆಯ ಮಧ್ಯೆ, ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆ ಅದು ಎಂಜಲು. ಹೇಸಿಗೆ. ಹೇಸಿಗೆ ಎಂದು ಡೆನ್ಮಾರ್ಕಿನವರ ಮುಂದೆ ಹೇಳಲು ಬರುವುದಿಲ್ಲ, ಅದಕ್ಕೇ ಹಸಿವು ಎಂದರು. ಹಸಿವು ಮರ್ಯಾದಸ್ಥ ಕಾರಣ. ತುಳಸಮ್ಮನವರೂ ಅದನ್ನೇ ಹುಡುಕಿಕೊಂಡರು, ಮಿಸ್ಸೂ ಅದನ್ನೇ ಹುಡುಕಿಕೊಂಡರು. ಎಂಥ ಕರುಣೆ ಇವರದು!

ಮನೆಯಲ್ಲಿ ಅಪ್ಪ ಕೇದಾರ್ ಊಟಕ್ಕೆ ಬಂದಿದ್ದ. ತರಗುಪೇಟೆಯಲ್ಲಿ ಅವರದು ಮೂರು ತಲೆಮಾರಿನ ಬೇಳೆ ಮಂಡಿ. ಅವನ ಅಂಗಿಗೆ ಯಾವಾಗಲೂ ಗೋಣಿಯ, ತೊಗರಿಯ ಧೂಳಿನ ವಾಸನೆ. ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದವನ ಮುಂದೆ ಅವಳು ಬ್ಯಾಗು ಎಸೆದು, ರೇಷ್ಮೆ ಸೀರೆ ಬೇಡವಂತೆ ಎಂದಳು.

"ಯಾರಿಗೆ?"

"ಅಜ್ಜಿಗೆ. ಬಡವರ ಥರ ಕಾಣ್ಬೇಕಂತೆ."

ಅಪ್ಪ ಮೊಬೈಲು ಕೆಳಗಿಟ್ಟು ಜೋರಾಗಿ ನಕ್ಕ. "ನಮ್ಮಮ್ಮ ಹಸ್ಕೊಂಡಿದ್ಲಾ? ತರಗುಪೇಟೇಲಿ ಯಾರ ಮುಂದಾದ್ರೂ ಹೇಳು, ಬಿದ್ದು ಬಿದ್ದು ನಗ್ತಾರೆ. ನಮ್ಮ ತಾತನ ಕಾಲದಲ್ಲಿ ಅಂಗಡಿ ಮುಂದೆ ಹಾದು ಹೋಗೋರನ್ನ ಕರೆದು ಕರೆದು ಊಟ ಹಾಕೋರು."

"ನಗು ಬರುತ್ತಾ ನಿಂಗೆ? ನಾನು ಮಿಸ್‌ಗೆ ಹೇಳ್ಬಿಡ್ತೀನಿ, ಆಗಲ್ಲ ಅಂತ."

ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. "ಡೆನ್ಮಾರ್ಕಿಗೆ ಕರ್ಕೊಂಡು ಹೋಗೋದು ಗ್ಯಾರಂಟೀನಾ?"

"ಅಪ್ಪಾ!"

"ಅಲ್ಲಮ್ಮ, ಕೇಳಿದೆ ಅಷ್ಟೆ. ಒಂದು ಸೀರೆ ತಾನೇ. ಉಟ್ಕೊಂಡ್ರೆ ಅಜ್ಜಿ ಏನು ಸವ್ದು ಹೋಗ್ತಾಳಾ? ಅವ್ರಿಗೇನು ಬೇಕೋ ಹೇಳು, ನಿನ್ನ ಕೆಲಸ ನೋಡ್ಕೋ. ವ್ಯಾಪಾರ ಅಂದ್ರೆ ಹಾಗೇನೇ." ಅಮ್ಮ ಅಡುಗೆಮನೆಯಿಂದಲೇ, ಹೌದು, ಸುಮ್ನೆ ಮಿಸ್ ಜೊತೆ ಯಾಕೆ ನಿಷ್ಠುರ ಮಾಡ್ಕೋತೀಯ ಎಂದಳು. ಅಪ್ಪ ಅಮ್ಮನ ಮೇಲೆ ಇಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ತಲೆ ಆಡಿಸಿದಾಗಲೇ ನುಂಗಿ ಆಗಿತ್ತಲ್ಲ ಎಂದು ಒಳಗೆ ಯಾರೋ ಹೇಳಿದ ಹಾಗಾಗಿ, ಆ ಯಾರೋ ಎಂಬವರ ಮೇಲೂ ಸಿಟ್ಟು ಬಂತು.

ಅಜ್ಜಿಯ ಕೋಣೆಯ ಬಾಗಿಲು ದೂಡಿದರೆ ಅಜ್ಜಿ ಆಗಲೇ ತಯಾರು. ಎಲೆಹಸಿರು ಮೈಸೂರು ರೇಷ್ಮೆ, ಹಣೆಯ ಮೇಲೆ ಆಗಷ್ಟೇ ಹಚ್ಚಿದ ವಿಭೂತಿ ಇನ್ನೂ ಒದ್ದೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನ ತುದಿಯಿಂದ ಉಜ್ಜಿಕೊಂಡು ಮಂಚದ ಮೇಲೆ ಕೂತಿದ್ದಳು, ಮದುವೆಗೆ ಕಾರು ಬರುವುದನ್ನು ಕಾಯುವವಳ ಹಾಗೆ.

"ಸರಿ ಇದೆಯೇನೇ ರಂಜಿ? ಆ ದೇಶದ ಮಕ್ಕಳು ನೋಡ್ತಾರೆ ಅಂದ್ಯಲ್ಲ, ಹೆಂಗೆಂಗೋ ಕೂತ್ಕೊಳ್ಳೋಕಾಗುತ್ತಾ? ನಾಳೆ ನಿನಗೇ ಅವಮಾನ."

ಶಿವರಂಜಿನಿ ಬಾಗಿಲ ಚಿಲಕ ಹಿಡಿದು ನಿಂತಳು. ಹೇಳಬಾರದು, ಹಾಗೇ ಕರೆದುಕೊಂಡು ಹೋಗಿ ಕೂರಿಸಬೇಕು, ಏನಾಗುತ್ತೋ ಆಗಲಿ ಎಂದು ಮನಸ್ಸು ಹೇಳುತ್ತಿರುವಾಗಲೇ ಬಾಯಿ, "ಅಜ್ಜಿ, ಈ ಸೀರೆ ಕ್ಯಾಮೆರಾದಲ್ಲಿ ಮಿಣಮಿಣ ಅಂತ ಹೊಳೆಯುತ್ತೆ, ನಿನ್ನ ಮುಖಾನೇ ಕಾಣಲ್ಲ" ಎಂದಿತು.

"ಹೌದಾ? ಕಣ್ಣಿಗೆ ಹೊಡೆಯುತ್ತಾ? ಸರಿ ಬಿಡು. ಆ ಬೂದಿ ಬಣ್ಣದ್ದು ತೆಗಿ, ಕೊಡೆ ಪಕ್ಕದಲ್ಲಿದೆ ನೋಡು." ಒಂದಿಷ್ಟೂ ಅನುಮಾನ ಪಡಲಿಲ್ಲ. ಉಟ್ಟಿದ್ದನ್ನು ಬಿಚ್ಚಿ ಅಜ್ಜಿ ಹತ್ತಿ ಸೀರೆ ಸುತ್ತಿಕೊಂಡಳು. ಮೊಮ್ಮಗಳು ರೇಷ್ಮೆಯನ್ನು ಮಡಿಸಿದಳು. ಮಡಿಕೆ ಸರಿಯಾಗಿ ಬರದೆ ಬಿಚ್ಚಿ ಮತ್ತೆ ಮಡಿಸಿದಳು. ಬೆಚ್ಚಗಿತ್ತು ಸೀರೆ. ಜಗತ್ತಿನಲ್ಲಿ ಯಾವ ದೇಶದ ಯಾವ ಹುಡುಗಿಯೂ ಸಂವಾದಕ್ಕೆ ಮುಂಚೆ ತನ್ನ ಅಜ್ಜಿಯ ಮೈಮೇಲಿನ ಸೀರೆ ಬಿಚ್ಚಿಸಿರಲಾರಳು ಅನ್ನಿಸಿ ಅವಳ ಕಣ್ಣು ಉರಿಯಿತು.

ಅಪ್ಪ ಅಂಗಡಿಗೆ ಹೊರಟ. ಅವಳು ಊಟಕ್ಕೆ ಕೂತಳು. ಈ ಮನೆಯಲ್ಲಿ ಈಗಲೂ ನೆಲದ ಮೇಲೇ ಊಟ, ತಟ್ಟೆ ಇಡಲು ಮೂರು ಕಾಲಿನ ಗಿಡ್ಡ ಅಡ್ಡಣಿಗೆ. ಅನ್ನ, ಬೇಳೆಸಾರು, ಹಾಗಲಕಾಯಿ ಪಲ್ಯ. ಎರಡು ತುತ್ತು ಇಳಿಯುವಷ್ಟರಲ್ಲಿ ಫೋನು ಬಂತು. ಸುಪ್ರಜಾ ಮಿಸ್. "ರಂಜಿನಿ, ಒಂದು ಸಲ ಕ್ಯಾಮೆರಾ ಆನ್ ಮಾಡಿ ತೋರ್ಸು, ಫ್ರೇಮ್ ನೋಡೋಣ." ಅವಳು ಎಡಗೈಯಲ್ಲಿ ಲ್ಯಾಪ್‌ಟಾಪು ತೆರೆದು ತೋರಿಸಿದಳು. "ಹಿಂದೆ ಅದೇನದು, ಬಿಳೀದು?"

"ಅಕ್ಕಿ ಮೂಟೆ ಮಿಸ್. ಅಪ್ಪ ನಿನ್ನೆ ತಂದಿದ್ದು."

"ಎಷ್ಟಿದೆ! ಅದು ಕಾಣೋದು ಬೇಡಮ್ಮ. ಸ್ವಲ್ಪ ಪಕ್ಕಕ್ಕೆ ಸರಿಸ್ಬಿಡು. ಕಾಂಟ್ರಡಿಕ್ಷನ್ ಆಗುತ್ತೆ." ಶಿವರಂಜಿನಿ ಎದ್ದಳು. ಅನ್ನ ತಟ್ಟೆಯಲ್ಲೇ ಉಳಿಯಿತು. ಎಂಜಲು ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಮ್ಮನನ್ನು ಕರೆಯದೆ, ಒಬ್ಬಳೇ ಮೂಟೆಯ ಕಿವಿ ಹಿಡಿದು ಎಳೆದಳು. ಅದು ಒಂದು ಗೇಣು ಜರುಗಿತು. ಕಾಲು ಕೊಟ್ಟು ಒದ್ದಳು. ಅನ್ನಕ್ಕೆ ಕಾಲು ತಾಗಿತೆಂದು ಕೈ ತಾನಾಗಿ ಕಣ್ಣಿಗೆ ಹೋಯಿತು, ಅದಕ್ಕೂ ಸಿಟ್ಟು ಬಂತು. ತೊಗರಿಬೇಳೆಯದು ಇನ್ನೊಂದು, ಕಡಲೆಬೇಳೆಯದು ಮತ್ತೊಂದು. ಹಸಿವಿನ ಮನೆ ಸಿದ್ಧ ಮಾಡಲು ಇಷ್ಟೊಂದು ಅನ್ನ ಹೊರಬೇಕಲ್ಲಪ್ಪ ಎಂದು ಅವಳಿಗೆ ನಗುವೂ ಬಂತು. ಎಲ್ಲ ಮೂಟೆಗಳೂ ಕ್ಯಾಮೆರಾದ ಕಣ್ಣಿನಾಚೆ ಹೋಗುವಷ್ಟರಲ್ಲಿ ಮೂರಾಗಿತ್ತು. ವಂಜಿರು ಅವಳೊಬ್ಬಳಿಗೇ ಒಂದು ಸಂದೇಶ ಕಳಿಸಿದ್ದಳು: ನಿನಗೆ ಹಸಿದ ಅಜ್ಜಿಯನ್ನು ತಾ ಎಂದರಂತೆ. ನನಗೆ ದೂರದ ಬಾವಿಯಿಂದ ನೀರು ಹೊರುವ ಅತ್ತೆ ಇದ್ದರೆ ತಾ ಎಂದಿದ್ದಾರೆ. ನನ್ನ ಅತ್ತೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಓದಿ ಶಿವರಂಜಿನಿಗೆ ಸಮಾಧಾನವಾಗಲಿಲ್ಲ. ಅವಳು ಅತ್ತೆಯನ್ನು ತರಲಿಲ್ಲ, ನಾನು ಅಜ್ಜಿಯನ್ನು ತಂದುಬಿಟ್ಟೆ ಎಂದುಕೊಂಡಳು.

ಅಜ್ಜಿ ಬೂದಿ ಬಣ್ಣದ ಸೀರೆಯಲ್ಲಿ ಬಂದು ಮೊಮ್ಮಗಳ ಪಕ್ಕ ಕುರ್ಚಿಯಲ್ಲಿ ಕೂತು ಚೌಕಗಳನ್ನು ಒಂದೊಂದಾಗಿ ನೋಡಿ ಕೈ ಮುಗಿದಳು. "ಎಲ್ಲ ಮಕ್ಕಳದೂ ಊಟ ಆಯ್ತಾ ಕೇಳು" ಎಂದಳು. ಅವಳು ಕೇಳಿದಳು. ಆಂಡರ್ಸ್ ಅಲ್ಲಿ ಇನ್ನೂ ಬೆಳಗ್ಗೆ ಎಂದ. "ಹಾಗಾದ್ರೆ ತಿಂಡಿ?" ಎಂದಳು ಅಜ್ಜಿ. ಎಲ್ಲರೂ ನಕ್ಕರು. ಕಿರ್ಸ್ಟನ್ ಮಾತ್ರ ನಗದೆ, ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, ಊಟವೇ ಇಲ್ಲದ ಆ ದಿನಗಳ ಬಗ್ಗೆ ಹೇಳಲು ಅವರಿಗೆ ಕಷ್ಟವಾಗದಿದ್ದರೆ ದಯವಿಟ್ಟು ಕೇಳು ಎಂದರು.

ಶಿವರಂಜಿನಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಊಟ ಇಲ್ಲದೆ ಇದ್ದ ದಿನಗಳ ಬಗ್ಗೆ ಹೇಳ್ಬೇಕಂತೆ."

"ಯಾರಿಗೆ ಊಟ ಇಲ್ದೆ?"

"ನಿನಗೆ."

"ನನಗಾ?" ಅಜ್ಜಿ ಯೋಚಿಸಿದಳು, ಪಾಪ, ಮಕ್ಕಳು ಕೇಳುತ್ತಿದ್ದಾರೆ ಏನಾದರೂ ಸಿಗಬಹುದೇ ಎಂದು ನಿಜವಾಗಿ ಹುಡುಕಿದಳು. ಸುಪ್ರಜಾ ಮಿಸ್ ತಡೆಯಲಾರದೆ ಮೈಕು ತೆರೆದು ಕನ್ನಡದಲ್ಲಿ, "ಅಜ್ಜಿ, ನಮಸ್ಕಾರ. ಹಿಂದೆ ಅಕ್ಕಿ ಸಿಗ್ತಿರ್ಲಿಲ್ವಲ್ಲ, ರೇಷನ್ ಕಾಲ, ಅದನ್ನ ಹೇಳಿ" ಎಂದರು.

"ಹಾಂ, ಹೌದಮ್ಮ. ನಾನು ಮದುವೆಯಾಗಿ ಬಂದ ಹೊಸದು. ಅಕ್ಕಿ ಸಿಗ್ತಿರ್ಲಿಲ್ಲ. ಬರೀ ಜೋಳದ್ದು, ರಾಗೀದು."

"ಅದೇ, ಅದೇ! ಏನು ಮಾಡ್ತಿದ್ರಿ ಆಗ?"

"ಜೋಳದ ರೊಟ್ಟಿ, ರಾಗಿ ಮುದ್ದೆ. ಹೊಟ್ಟೆ ತುಂಬ ತಿಂತಿದ್ವಿ." ಅಜ್ಜಿಯ ಮುಖದಲ್ಲಿ ಆ ರೊಟ್ಟಿಯ ನೆನಪಿನ ಸಂತೋಷ ಸ್ಪಷ್ಟವಾಗಿ ಕಾಣುತ್ತಿತ್ತು. "ಕಷ್ಟ ಇತ್ತಮ್ಮ. ಹಸಿವು ಇರ್ಲಿಲ್ಲ. ದೇವರು ದೊಡ್ಡೋನು."

ಎಲ್ಲರೂ ಶಿವರಂಜಿನಿಯನ್ನು ನೋಡುತ್ತಿದ್ದರು. ಮಿಸ್ಸಿನ ಕಣ್ಣು ಅಷ್ಟು ದೂರದ ಬಸವನಗುಡಿಯಿಂದ ಅವಳನ್ನು ಹಿಡಿದಿತ್ತು. ಅಕ್ಕಿ ಸಿಗುತ್ತಿರಲಿಲ್ಲ ಎಂಬಷ್ಟನ್ನೇ ಇಂಗ್ಲಿಷಿಗೆ ತಂದು ನಿಲ್ಲಿಸಿದರೂ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ, ಮೋಡಗಳನ್ನು ಮೇಲಿನಿಂದ ನೋಡಬಹುದಿತ್ತು. ಅವಳಿಗೆ ಲಂಗದ ಮೇಲೆ ಒಣಗಿದ ಸಾರಿನ ಕಲೆ ಕಂಡಿತು. ಅವಳು ಹೇಳಿದಳು: ಅಜ್ಜಿ ತಾನು ಯಾವತ್ತೂ ಹಸಿದಿಲ್ಲ ಅನ್ನುತ್ತಿದ್ದಾಳೆ. ನಮ್ಮದು ದವಸದ ವ್ಯಾಪಾರ. ಕಳೆದ ವಾರ ನಿಮಗೆ ಹೇಳಿದ್ದು ನಿಜವಲ್ಲ, ನಾನು ತಲೆ ಆಡಿಸಿದ್ದೂ ನಿಜವಲ್ಲ.

ಇಷ್ಟು ಹೇಳಿದ ಮೇಲೆ ಏನೋ ಒಂದು ಕುಸಿಯುತ್ತದೆ ಎಂದು ಅವಳು ಕಾದಳು. ಏನೂ ಕುಸಿಯಲಿಲ್ಲ. ಕಿರ್ಸ್ಟನ್ ನಿಧಾನವಾಗಿ ತಲೆದೂಗಿ, ಅಂಥ ನೋವನ್ನು ಅನುಭವಿಸಿದವರು ಎಷ್ಟೋ ಸಲ ಅದನ್ನು ಒಪ್ಪಿಕೊಳ್ಳುವುದಿಲ್ಲ, ಅದು ಸಹಜ, ಇಲ್ಲಿ ಅವರನ್ನು ಯಾರೂ ಕೀಳಾಗಿ ನೋಡುವುದಿಲ್ಲ, ಹೆದರಬೇಡಿ ಎಂದು ಅವರಿಗೆ ತಿಳಿಸು ಎಂದರು.

"ಏನಂತಾರೆ?" ಎಂದಳು ಅಜ್ಜಿ.

"ನೀನು ಹೆದರ್ಬೇಡ ಅಂತಾರೆ."

"ಯಾರಿಗೆ ಹೆದರ್ಬೇಕು?"

ಆಗ ವಂಜಿರು ಕೈ ಎತ್ತಿದಳು. ನೀವೆಲ್ಲ ಅವರು ಹಸಿದಿದ್ದರೋ ಇಲ್ಲವೋ ಎಂದೇ ಮಾತಾಡುತ್ತಿದ್ದೀರಿ, ಆ ನೀರು ಯಾಕೆ ಕುಡಿದಿರಿ ಎಂದು ಅವರನ್ನು ಯಾರಾದರೂ ಕೇಳಿದಿರಾ ಎಂದಳು. ಪ್ರಶ್ನೆ ಕಿರ್ಸ್ಟನ್‌ಗೆ, ಮಿಸ್ಸಿಗೆ ಎಂದುಕೊಂಡಿದ್ದ ಶಿವರಂಜಿನಿಗೆ, ಅಜ್ಜಿಯ ಕಡೆ ತಿರುಗಿದ ಮೇಲಷ್ಟೇ, ತಾನೂ ಕೇಳಿಲ್ಲ ಎಂಬುದು ಹೊಳೆದದ್ದು. ಕೇಳಿದಳು.

ಅಜ್ಜಿಗೆ ಆಶ್ಚರ್ಯವಾಯಿತು. "ಇದನ್ನೇನು ಕೇಳೋದು? ಲಿಂಗಕ್ಕೆ ತೋರ್ಸಿ ತಟ್ಟೆಗೆ ಹಾಕ್ಕೊಂಡ ಮೇಲೆ ಅದು ಪ್ರಸಾದ. ಚೆಲ್ಲೋಕಾಗುತ್ತಾ? ಒಂದಗುಳೂ ಮೋರಿಗೆ ಹೋಗ್ಬಾರ್ದು. ಹೊಟ್ಟೆ ತುಂಬಿದ್ರೂ ಅಷ್ಟೇ, ಖಾಲಿ ಇದ್ರೂ ಅಷ್ಟೇ." ಆಮೇಲೆ ಏನೋ ನೆನಪಾಗಿ, ಪರದೆಯ ಮಕ್ಕಳಿಗೇ ನೇರವಾಗಿ ಹೇಳುವವಳಂತೆ ಮುಂದಕ್ಕೆ ಬಾಗಿದಳು. "ಅದೂ ಅಲ್ದೆ, ಅವತ್ತು ನಾನು ಕುಡಿದಿದ್ದು ನನ್ನ ತಟ್ಟೇದಲ್ಲ ಅಂತ ಹೇಳು. ನನ್ನ ಊಟಾನೇ ಆಗಿರ್ಲಿಲ್ಲ ಆಗ."

"ಮತ್ತೆ?"

"ನಿಂದು. ಮೀಟಿಂಗು ಅಂತ ಅರ್ಧಕ್ಕೇ ಎದ್ದು ಬಂದ್ಯಲ್ಲ. ದಿನಾ ಬಿಟ್ಟೇಳ್ತೀಯ. ಆ ಪ್ರಿಯಂವದನ ಮನೆಗೆ ಹೋಗ್ಬಂದಾಗಿಂದ ನೀನು ನೀರು ಹಾಕೋದು ಬಿಟ್ಟೆ. ಬೆಳೆಯೋ ಹುಡುಗಿ, ನಾಚಿಕೆ ಇರುತ್ತೆ, ಬಲವಂತ ಮಾಡ್ಬಾರ್ದು ಅಂತ ಸುಮ್ನಿದ್ದೆ. ಹಂಗಂತ ಚೆಲ್ಲೋಕಾಗುತ್ತಾ? ನೀನೆದ್ದ ಮೇಲೆ ಬಿಟ್ಟಿದ್ದನ್ನ ತಿಂದು, ನೀರು ಹಾಕಿ ನಾನೇ ಕುಡೀತೀನಿ. ಪ್ರಸಾದಕ್ಕೆ ಎಂಜಲಿಲ್ಲ."

ಲ್ಯಾಪ್‌ಟಾಪಿನ ಮೂಲೆಯ ಚೌಕದಲ್ಲಿ ಶಿವರಂಜಿನಿಗೆ ತನ್ನ ಮುಖವೇ ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬೆಳಗ್ಗೆಯಿಂದ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಈಗ ಯಾರ ಮೇಲೆ ಇಳಿಸುವುದು ತಿಳಿಯಲಿಲ್ಲ. ಎಷ್ಟು ವರ್ಷ! ಅವಳು ಹಾಗಲಕಾಯಿ ಎಂದು ಅಂಚಿಗೆ ತಳ್ಳಿದ್ದು, ಫೋನು ಬಂತೆಂದು ಕೈಬಿಟ್ಟದ್ದು, ಮುನಿಸಿಕೊಂಡು ಎದ್ದು ಹೋದದ್ದು, ಎಲ್ಲದರ ನೀರು. ಪ್ರಿಯಂವದಾಳ ಮನೆಯ ಹಿತ್ತಲಿನಲ್ಲಿ ಬೇರೆ ಇಟ್ಟಿದ್ದ ತಟ್ಟೆಯ ಬಗ್ಗೆ ಅವಳು ಯಾರಿಗೂ ಹೇಳಿರಲಿಲ್ಲ. ಅಜ್ಜಿಗೆ ಹೇಳದೆಯೇ ಗೊತ್ತಾಗಿತ್ತು. "ಶಿವರಂಜಿನಿ, ಇಷ್ಟು ಸಾಕು. ಇದನ್ನೆಲ್ಲ ಟ್ರಾನ್ಸ್‌ಲೇಟ್ ಮಾಡ್ಬೇಡ, ಆಮೇಲೆ ನಾನು ಎಡಿಟ್ ಮಾಡ್ತೀನಿ" ಎಂದಿತು ಮಿಸ್ಸಿನ ಕನ್ನಡ. ಅವಳು ಅನುವಾದಿಸಿದಳು. ಒಂದು ವಾಕ್ಯವನ್ನೂ ಬಿಡಲಿಲ್ಲ. ಅದು ನನ್ನ ತಟ್ಟೆ. ನಾನು ಅನ್ನ ಬಿಟ್ಟು ಬಂದು ನಿಮ್ಮ ಮುಂದೆ ಕೂತು, ಅನ್ನ ಎಸೆಯುವವರ ಬಗ್ಗೆ ಭಾಷಣ ಮಾಡುತ್ತಿದ್ದೆ. ನನ್ನ ಹಿಂದೆ ಅವಳು ಆ ತಟ್ಟೆಯ ನೀರು ಕುಡಿದಳು. ನಿಮಗೆ ಕಂಡಿತು. ನನಗೆ ಕಂಡಿರಲಿಲ್ಲ. ಅವಳ ಇಂಗ್ಲಿಷು ತಡವರಿಸಿತು, ವ್ಯಾಕರಣ ಎಲ್ಲೆಲ್ಲೋ ಹೋಯಿತು.

ಆಂಡರ್ಸ್ ತಲೆ ತಗ್ಗಿಸಿದ. ವಂಜಿರು ಈ ಸಲ ನಗಲಿಲ್ಲ. ಕಿರ್ಸ್ಟನ್‌ರ ಕೈ ಮತ್ತೆ ಎದೆಯ ಮೇಲೆ ಹೋಯಿತು, ಕಣ್ಣಲ್ಲಿ ನೀರಿತ್ತು. ಎಷ್ಟು ಸುಂದರ ಎಂದರು. ಎಷ್ಟು ಸುಂದರವಾದ ಸಂಪ್ರದಾಯ, ಇದು ಮೊದಲಿನದಕ್ಕಿಂತಲೂ ಚೆನ್ನಾಗಿದೆ, ಸಮಾವೇಶದಲ್ಲಿ ಇದನ್ನೇ, ಇದೇ ಮಾತುಗಳಲ್ಲೇ... ಪರದೆಯ ಕೆಳಗಿನಿಂದ ಕೆಂಪು ಹೃದಯಗಳು ತೇಲತೊಡಗಿದವು. ಸುಪ್ರಜಾ ಮಿಸ್ಸಿನ ಮುಖ ಅರಳಿತು, ಹೌದು ಹೌದು, ನಮ್ಮ ಸಂಸ್ಕೃತಿಯೇ ಹಾಗೆ ಎಂದು ಅವರು ಶುರು ಮಾಡಿದರು. ನಮ್ಮ ಸಂಸ್ಕೃತಿ! ಶಿವರಂಜಿನಿ ಲ್ಯಾಪ್‌ಟಾಪನ್ನು ಮುಚ್ಚಿದಳು. ಮೆತ್ತಗೆ ಮುಚ್ಚಲಿಲ್ಲ, ಟಪ್ಪೆಂದು.

"ಮುಗೀತಾ?" ಎಂದಳು ಅಜ್ಜಿ. "ಪಾಪ, ಆ ಹೆಂಗಸು ಯಾಕೆ ಅತ್ತಳು?"

"ಗೊತ್ತಿಲ್ಲ ಅಜ್ಜಿ."

ಹಿಂದೆ, ಅಡ್ಡಣಿಗೆಯ ಮೇಲೆ, ಅವಳ ತಟ್ಟೆ ಇನ್ನೂ ಹಾಗೇ ಇತ್ತು. ಅನ್ನ ಒಣಗಿ ಮೇಲೆ ಪೊರೆ ಕಟ್ಟಿತ್ತು, ಹಾಗಲಕಾಯಿ ಅಂಚಿನಲ್ಲಿ ಕಪ್ಪಾಗಿತ್ತು. ಅಜ್ಜಿ ಕುರ್ಚಿಯಿಂದ ಎದ್ದವಳು, ಯಾವ ಯೋಚನೆಯೂ ಇಲ್ಲದೆ, ದಿನದ ಅಭ್ಯಾಸದಂತೆ ಅದಕ್ಕೆ ಕೈ ಚಾಚಿದಳು. ಶಿವರಂಜಿನಿ ಮುಂಚೆ ಹೋಗಿ ನೆಲದ ಮೇಲೆ ಕೂತು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿಯೂ ಒಂದು ಕ್ಷಣ ಅಂಚನ್ನು ಬಿಡಲಿಲ್ಲ. ಆಮೇಲೆ ಬಿಟ್ಟಳು. ತಣ್ಣಗಿನ ಅನ್ನವನ್ನು ಅವಳು ತುತ್ತು ತುತ್ತಾಗಿ ನುಂಗಿದಳು, ಹಾಗಲಕಾಯಿಯನ್ನೂ. ಫೋನು ಬಡಿದುಕೊಳ್ಳುತ್ತಿತ್ತು, ಸುಪ್ರಜಾ ಮಿಸ್ ಎಂದು ಹೊಳೆಯುತ್ತಿತ್ತು. ಬಡಿದುಕೊಳ್ಳಲಿ. ಮಿಸ್ಸಿನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ, ಇಳಿಯುವುದು ಅವಳಿಗೆ ಬೇಕೂ ಇರಲಿಲ್ಲ. ಲೋಟದ ನೀರನ್ನು ತಟ್ಟೆಗೆ ಹಾಕಿ ಬೆರಳಿನಿಂದ ಸುತ್ತ ಸವರಿದಳು. ಬೆರಳಿಗೆ ಇನ್ನೂ ನೆನಪಿತ್ತು. ಎತ್ತಿ ಕುಡಿದಳು. ಉಪ್ಪುಪ್ಪಾಗಿತ್ತು, ಸ್ವಲ್ಪ ಕಹಿ, ಸ್ವಲ್ಪ ಹುಳಿ.

ತಟ್ಟೆ ಕೆಳಗಿಟ್ಟಾಗ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಗ್ಗಿ ನೋಡುತ್ತಿದ್ದಳು.

"ಅಂಚಲ್ಲಿ ಇನ್ನೂ ಒಂದಗುಳಿದೆ ನೋಡ್ಕೋ" ಎಂದಳು.